ಗಾಡಿ ಓಡಿಸುವ ಮಗನಿಗೆ ಫೋನ್ ಮಾಡುವವರು ಯಾರು?

ಪ್ರಶ್ನೆ: ಸರ್, ನಮ್ಮ ಮನೆ ಕೊಡಗಿನ ಅಮ್ಮತ್ತಿ ಹತ್ತಿರ, ತೋಟದ ಒಳಗೆ. ಮಗನಿಗೆ 18 ತುಂಬಿ ಐದು ತಿಂಗಳಾಯಿತು. ಲೈಸೆನ್ಸ್ ಮಾಡಿಸಿದ್ದೇವೆ. ವಿರಾಜಪೇಟೆಯ ಕಾಲೇಜಿಗೆ ಬೈಕಿನಲ್ಲೇ ಹೋಗಿಬರುತ್ತಾನೆ. ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಾ ಬರುವುದನ್ನು ನಮ್ಮ ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಎರಡು ಸಲ ನೋಡಿದ್ದಾರೆ. ಕೇಳಿದರೆ 'ಅರ್ಜೆಂಟ್ ಇತ್ತಮ್ಮ' ಅನ್ನುತ್ತಾನೆ. ಯಜಮಾನರು ಸೇನೆಯಲ್ಲಿದ್ದಾರೆ, ಸಂಜೆ ಐದೂವರೆಗೆ ಅವರಿಗೆ ಬಿಡುವು ಸಿಗುತ್ತದೆ, ಆಗ ನಮ್ಮೆಲ್ಲರ ಹತ್ತಿರ ಮಾತಾಡುತ್ತಾರೆ. ಈ ಕಡೆ ಆನೆ ಕಾಟ ಬೇರೆ. ಮೂರು ಸಲ ರಿಂಗ್ ಮಾಡಿದರೂ ಅವನು ತೆಗೆಯದಿದ್ದರೆ ನನ್ನ ಜೀವ ಬಾಯಿಗೆ ಬರುತ್ತದೆ. ಅವನ ಫೋನ್ ಕಿತ್ತುಕೊಳ್ಳಲೇ? ಬ್ಲೂಟೂತ್ ಹೆಲ್ಮೆಟ್ ಕೊಡಿಸಿದರೆ ಆಗುತ್ತದಾ? ಮಗಳಿಗೆ ಈಗ 16, ಅವಳೂ ಸ್ಕೂಟರ್ ಕೇಳುತ್ತಿದ್ದಾಳೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಪೆನ್ಸಿಲ್ ತೆಗೆದುಕೊಂಡು ಎರಡು ಕಡೆ ಗೆರೆ ಎಳೆದೆ. 'ಸಂಜೆ ಐದೂವರೆಗೆ' ಎನ್ನುವಲ್ಲಿ ಒಂದು, 'ಮೂರು ಸಲ ರಿಂಗ್ ಮಾಡಿದರೂ' ಎನ್ನುವಲ್ಲಿ ಇನ್ನೊಂದು. ಕಾಲೇಜು ಬಿಟ್ಟು, ಗೆಳೆಯರ ಜೊತೆ ಒಂದು ಟೀ ಕುಡಿದು ಹೊರಟ ಹುಡುಗ ಐದೂವರೆಗೆ ಎಲ್ಲಿರುತ್ತಾನೆ? ರಸ್ತೆಯ ಮೇಲೆ. ಅವನು ಹೇಳುವ 'ಅರ್ಜೆಂಟ್' ಯಾರದು ಎಂದು ಒಮ್ಮೆ ಅವನ ಫೋನಿನ ಕಾಲ್ ಪಟ್ಟಿ ತೆಗೆಸಿ, ಅವನ ಎದುರಲ್ಲೇ, ಜಗಳವಿಲ್ಲದೆ ನೋಡಿ. ನಾಲ್ಕೂವರೆಯಿಂದ ಆರರ ನಡುವೆ ಬಂದ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು 'ಅಮ್ಮ', 'ಅಪ್ಪ' ಎಂದೇ ಇದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಬೈಯಲು ಹೇಳುತ್ತಿಲ್ಲ. ನಾನು ಮೋಟಾರು ವಾಹನ ನಿರೀಕ್ಷಕನಾಗಿ ನಿವೃತ್ತನಾದವನು. ಜನ ನಮ್ಮನ್ನು ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುವುದು. ಅಪಘಾತವಾದ ಗಾಡಿಯನ್ನು ಠಾಣೆಯ ಅಂಗಳದಲ್ಲಿ ನಿಲ್ಲಿಸಿರುತ್ತಾರೆ, ನಾವು ಹೋಗಿ ಬ್ರೇಕ್, ಸ್ಟಿಯರಿಂಗ್, ಟೈರು, ಲೈಟು ಎಲ್ಲ ನೋಡಿ, 'ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ' ಎಂದು ಬರೆದು ಸಹಿ ಹಾಕುತ್ತೇವೆ. ಹಾಗೆ ಸಹಿ ಹಾಕಿದ ಬೈಕುಗಳಲ್ಲಿ ಒಂದು ಈಗಲೂ ನೆನಪಿದೆ. ಮಳೆಗಾಲ. ಟೈರು ಹೊಸತು, ಬ್ರೇಕು ಚೆನ್ನಾಗಿತ್ತು. ಹುಡುಗ ಕಾಲರ್ ಬೋನ್ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಬದುಕಿದ, ಈಗ ಮದುವೆಯಾಗಿ ಮಕ್ಕಳಿದ್ದಾರೆ. ಏನಾಯಿತಪ್ಪಾ ಎಂದು ಕೇಳಿದೆ. 'ಅಪ್ಪ ಫೋನ್ ಮಾಡಿದ್ರು ಸಾರ್, ತೆಗೀದಿದ್ರೆ ಬೈತಾರೆ' ಅಂದ. ಅವನ ಅಪ್ಪ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದರು. ನನ್ನ ಫಾರಂನಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ.

ಕಾಲಂ ಇಲ್ಲದ್ದು ಸಣ್ಣ ವಿಷಯವಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಬಹುಪಾಲು 'ಅತಿ ವೇಗ' ಎನ್ನುವ ತಲೆಬರಹದ ಕೆಳಗೆ ಹೋಗುತ್ತದೆ, ಫೋನಿನ ಪಾಲು ಸಣ್ಣದಾಗಿ ಕಾಣುತ್ತದೆ. ಫೋನು ಕಾರಣ ಎಂದು ಬರೆಯಬೇಕಾದರೆ ಯಾರಾದರೂ ಕಂಡಿರಬೇಕು, ಇಲ್ಲವೇ ಸವಾರನೇ ಒಪ್ಪಬೇಕು. ಒಪ್ಪುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಬೇರೆಯೇ ಇದೆ: ಚಾಲನೆ ಮಾಡುತ್ತಾ ಫೋನ್ ಬಳಸುವವರು ಅಪಘಾತಕ್ಕೆ ಸಿಲುಕುವ ಸಾಧ್ಯತೆ, ಬಳಸದವರಿಗಿಂತ ಸುಮಾರು 4 ಪಟ್ಟು. ಮನೆಯ ಫೋನಿನ ವಿಷಯ ನಾನೊಬ್ಬನೇ ಹೇಳುತ್ತಿರುವುದೂ ಅಲ್ಲ. ಅಮೆರಿಕದಲ್ಲಿ 2014ರಲ್ಲಿ ಹದಿಹರೆಯದ ಚಾಲಕರನ್ನು ಕೇಳಿದಾಗ, ಗಾಡಿ ಓಡಿಸುತ್ತಾ ಮಾತಾಡುತ್ತೇವೆ ಎಂದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಾತಾಡಿದ್ದು ಅಪ್ಪ ಅಮ್ಮನ ಹತ್ತಿರ. 'ತೆಗೆಯದಿದ್ದರೆ ಬೈಯುತ್ತಾರೆ' ಎಂದೇ ಅವರೂ ಹೇಳಿದ್ದು.

ಈಗ ನಿಮ್ಮ ರಸ್ತೆಗೆ ಬರೋಣ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಹತ್ತಿರಹತ್ತಿರ ಒಂದು ಸರ್ಕಾರಿ ಬಸ್ಸಿನ ಉದ್ದ. ಜರ್ಕಿನ್ನಿನ ಜೇಬಿನಿಂದ ಫೋನ್ ತೆಗೆದು ಹೆಸರು ನೋಡಲು ಮೂರು ಸೆಕೆಂಡ್ ಎಂದುಕೊಳ್ಳಿ, ಮೂರು ಬಸ್ಸಿನ ಉದ್ದ ಕಣ್ಣು ಮುಚ್ಚಿ ಹೋದಂತೆ. ಮಳೆಯಲ್ಲಿ ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದೂ ಇಲ್ಲ, ಇನ್ನೆರಡು ಸೆಕೆಂಡ್ ಸೇರಿಸಿ. ಕಣ್ಣು ರಸ್ತೆಯ ಮೇಲೇ ಇದ್ದರೂ, ಅಡ್ಡ ಬಂದದ್ದನ್ನು ಕಂಡು ಕೈ ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಬೇಕು. ಒದ್ದೆ ಟಾರಿನಲ್ಲಿ ಬೈಕು ಪೂರ್ತಿ ನಿಲ್ಲುವಾಗ ಎಲ್ಲ ಸೇರಿ 30 ಮೀಟರ್ ದಾಟಿರುತ್ತದೆ. ನಮ್ಮ ತೋಟದ ಬೇಲಿ, ಸಿಲ್ವರ್ ಮರ, ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಇರುವ ಎಷ್ಟೋ ತಿರುವುಗಳಲ್ಲಿ ಎದುರಿಗೆ ಕಾಣುವುದೇ ಅಷ್ಟಿಲ್ಲ. ಬಯಲುಸೀಮೆಯ ನೇರ ರಸ್ತೆಯಲ್ಲಿ ಫೋನ್ ನೋಡಿದವನಿಗೆ ಒಮ್ಮೊಮ್ಮೆ ಅದೃಷ್ಟ ಕೈಹಿಡಿಯುತ್ತದೆ. ಇಲ್ಲಿ ಆ ತಿರುವಿನ ಆಚೆ ಕಾಫಿ ಕೊಯ್ಲಿನ ಆಳುಗಳನ್ನು ತುಂಬಿಕೊಂಡ ಜೀಪು ಬರುತ್ತಿರುತ್ತದೆ, ಮರದ ಲಾರಿ ಬರುತ್ತಿರುತ್ತದೆ. ಸಂಜೆಯಾದರೆ ಟಾರಿನ ಬಣ್ಣದ್ದೇ ಮೈಯ ಆನೆ ನಿಂತಿರುತ್ತದೆ.

ಇನ್ನೊಂದು ವಿಷಯ ನಮ್ಮ ಜಿಲ್ಲೆಯಲ್ಲಿ ಗಾಡಿ ಓಡಿಸಿದವರಿಗೇ ಗೊತ್ತು. ನೆಟ್‌ವರ್ಕ್ ಎಲ್ಲ ಕಡೆ ಇಲ್ಲ. ಇಳಿಜಾರಿನಲ್ಲಿ ಸತ್ತು ಹೋದ ಸಿಗ್ನಲ್ ಏರು ಹತ್ತಿದ ಕೂಡಲೇ ಬರುತ್ತದೆ. ಅಲ್ಲಿಯವರೆಗೆ ತಡೆದು ನಿಂತಿದ್ದ ಮೆಸೇಜು, ಮಿಸ್ಡ್ ಕಾಲಿನ ಸೂಚನೆ ಎಲ್ಲ ಒಟ್ಟಿಗೆ ಟಣ್ ಟಣ್ ಎಂದು ಬೀಳುತ್ತವೆ. ಎಂಟು ಸಲ ಟಣ್ ಎಂದರೆ ಯಾವ ಹುಡುಗನಿಗಾದರೂ 'ಮನೆಯಲ್ಲಿ ಏನೋ ಆಗಿದೆ' ಎನ್ನಿಸುತ್ತದೆ. ಏರು ಮುಗಿಯುವ ಜಾಗ ಎಂದರೆ ಬಹಳ ಸಲ ತಿರುವಿನ ಜಾಗವೇ. ನಿಮ್ಮ ಮೂರು ರಿಂಗುಗಳು ಅವನಿಗೆ ತಲುಪುವುದು ಅಲ್ಲಿ.

ಫೋನ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಗೆಳೆಯನ ಹಳೇ ಸೆಟ್ ಜೇಬಿಗೆ ಬರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಗಾಡಿ ಕೆಟ್ಟಾಗ, ದಾರಿಯಲ್ಲಿ ಆನೆ ಇದ್ದಾಗ ಅವನ ಹತ್ತಿರ ಫೋನ್ ಇರಲೇಬೇಕು. ಅದು ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ, ಬಾಯಿ ಮುಚ್ಚಿಕೊಂಡು ಇರಬೇಕು, ಅಷ್ಟೇ.

ಬಾಯಿ ಮುಚ್ಚಿಸುವುದು ಕಷ್ಟವಲ್ಲ. ಐಫೋನ್ ಆದರೆ ಡ್ರೈವಿಂಗ್ ಫೋಕಸ್ ಎನ್ನುವುದು ಇದೆ. ಆಂಡ್ರಾಯ್ಡ್ ಆದರೆ ಡು ನಾಟ್ ಡಿಸ್ಟರ್ಬ್. ಹೊರಡುವ ಮೊದಲು ಒತ್ತಿದರೆ ಕರೆಯ ಸದ್ದೂ ಇಲ್ಲ, ನಡುಕವೂ ಇಲ್ಲ. 'ಗಾಡಿ ಓಡಿಸುತ್ತಿದ್ದೇನೆ' ಎಂಬ ಉತ್ತರವನ್ನು ತಾನೇ ಕಳುಹಿಸುವ ಸೌಲಭ್ಯ ಐಫೋನಿನಲ್ಲೂ ಕೆಲವು ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ಆದರೆ ಇದರಲ್ಲಿ ತಾಯಂದಿರೇ ಬೀಳುವ ಒಂದು ಗುಂಡಿ ಇದೆ, ನಾನೂ ನನ್ನ ಮಗಳ ಫೋನ್ ನೋಡಿದ ಮೇಲೇ ಕಲಿತದ್ದು. ಒಂದೇ ನಂಬರಿನಿಂದ ಬೆನ್ನುಬೆನ್ನಿಗೆ ಎರಡನೇ ಸಲ ಕರೆ ಬಂದರೆ, ಇದು ನಿಜವಾದ ತುರ್ತು ಇರಬೇಕು ಎಂದುಕೊಂಡು ಫೋನ್ ಬಾಗಿಲು ತೆರೆಯುತ್ತದೆ. ಐಫೋನಿನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡಿನಲ್ಲಿ 15 ನಿಮಿಷದೊಳಗೆ ಮತ್ತೆ ಮಾಡಿದರೆ ಸಾಕು. ಮೂರು ಸಲ ರಿಂಗ್ ಮಾಡುವ ನಿಮ್ಮ ಅಭ್ಯಾಸದ ಎದುರು ಯಾವ ಆ್ಯಪೂ ನಿಲ್ಲುವುದಿಲ್ಲ. ಸೆಟ್ಟಿಂಗಿನಲ್ಲಿ 'ರಿಪೀಟ್ ಕಾಲರ್ಸ್' ಎನ್ನುವುದನ್ನು ಆಫ್ ಮಾಡಿಸಿ. ನಿಮ್ಮ ನಂಬರನ್ನು ಸ್ಟಾರ್ ಹಾಕಿ ವಿನಾಯಿತಿ ಪಟ್ಟಿಯಲ್ಲಿ ಇಟ್ಟಿದ್ದರೆ ಆ ಸಮಯಕ್ಕೆ ಅದನ್ನೂ ತೆಗೆಸಿ.

ಸೆಟ್ಟಿಂಗಿಗಿಂತ ದೊಡ್ಡದು ನೀವಿಬ್ಬರೂ ಮಾಡಿಕೊಳ್ಳುವ ಒಪ್ಪಂದ. ಇದನ್ನು ಕೀ ಕೈಗೆ ಕೊಡುವಾಗ ಬಾಗಿಲಲ್ಲಿ ನಿಂತು ಮಾತಾಡಬೇಡಿ. ಭಾನುವಾರ ಊಟ ಆದ ಮೇಲೆ ಕೂತು ಮಾತಾಡಿ. ಹೊರಡುವಾಗ 'ಹೊರಟೆ' ಎಂದು ಒಂದು ಮೆಸೇಜ್, ತಲುಪಿದ ಮೇಲೆ 'ತಲುಪಿದೆ' ಎಂದು ಇನ್ನೊಂದು. ನಡುವೆ ನೀವು ಫೋನ್ ಮಾಡುವಂತಿಲ್ಲ. ದಾರಿ ಅರ್ಧ ಗಂಟೆಯದಾದರೆ, ಹೊರಟ ಹೊತ್ತಿನಿಂದ ಐವತ್ತು ನಿಮಿಷದವರೆಗೆ ನಿಮ್ಮ ಫೋನ್ ಅಡುಗೆಮನೆಯಲ್ಲಿರಲಿ, ನೀವು ಜಗಲಿಯಲ್ಲಿರಿ. ಐವತ್ತು ನಿಮಿಷ ದಾಟಿದರೆ ಮೊದಲು ದಾರಿಯಲ್ಲಿ ಸಿಗುವ ಯಾವುದಾದರೂ ನೆಂಟರ ಮನೆಗೋ ಪರಿಚಯದ ಅಂಗಡಿಗೋ ಫೋನ್ ಮಾಡಿ 'ನಮ್ಮ ಹುಡುಗ ದಾಟಿದನಾ' ಎಂದು ಕೇಳಿ. ನಮ್ಮ ಊರುಗಳಲ್ಲಿ ಇದು ಈಗಲೂ ನಡೆಯುತ್ತದೆ, ಪುಣ್ಯ.

ಲೈವ್ ಲೊಕೇಶನ್ ಹಾಕಿಸಿದರೆ ಹೇಗೆ ಎಂದು ನೀವು ಕೇಳಬಹುದು. ಹಾಕಿಸಿ, ಬೇಡ ಎನ್ನುವುದಿಲ್ಲ. ಆದರೆ ಸಿಗ್ನಲ್ ಇಲ್ಲದ ಕಡೆ ಆ ಚುಕ್ಕಿ ಹೋಗಿ ಒಂದೇ ಜಾಗದಲ್ಲಿ ನಿಂತುಬಿಡುತ್ತದೆ. ನಿಂತ ಚುಕ್ಕಿಯನ್ನು ನೋಡುತ್ತಾ ಕೂತ ತಾಯಿ, ಏನೂ ಗೊತ್ತಿಲ್ಲದ ತಾಯಿಗಿಂತ ಹೆಚ್ಚು ಗಾಬರಿಯಾಗುತ್ತಾಳೆ, ಮತ್ತೆ ಫೋನ್ ಮಾಡುತ್ತಾಳೆ.

'ಗಾಡಿ ನಿಲ್ಲಿಸಿ ಮಾತಾಡು' ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಅಮ್ಮತ್ತಿ ಕಡೆಯ ರಸ್ತೆಯಲ್ಲಿ ಎಲ್ಲಿ ನಿಲ್ಲಿಸುವುದು? ಒಂದು ಕಡೆ ಚರಂಡಿ, ಇನ್ನೊಂದು ಕಡೆ ಬರೆ. ತಿರುವಿನಲ್ಲಿ ನಿಲ್ಲಿಸಿದವನಿಗೆ ಹಿಂದಿನಿಂದ ಬಂದು ಗುದ್ದಿದ ಪ್ರಕರಣಗಳನ್ನೂ ನಾನು ನೋಡಿದ್ದೇನೆ. ಆನೆ ಓಡಾಡುವ ಬೇಲಿಯ ಪಕ್ಕ ನಿಂತು ಫೋನ್ ನೋಡುವುದಂತೂ ಬೇಡವೇ ಬೇಡ. ಅದಕ್ಕೆ ನೀವೇ ಒಂದು ದಿನ ಅವನ ಬೈಕಿನ ಹಿಂದೆ ಕೂತು ಆ ದಾರಿಯಲ್ಲಿ ಹೋಗಿಬನ್ನಿ. ಹೆಲ್ಮೆಟ್ ನೀವೂ ಹಾಕಿ. ರಸ್ತೆ ಅಗಲ ಇರುವ, ಜನ ಇರುವ, ಸಿಗ್ನಲ್ ಸಿಗುವ ಎರಡು ಜಾಗ ಗುರುತು ಮಾಡಿ. ಒಂದು ಬಸ್ ತಂಗುದಾಣ, ಒಂದು ಅಂಗಡಿಯ ಮುಂದಿನ ಖಾಲಿ ಜಾಗ, ಹೀಗೆ. ಫೋನ್ ನೋಡಬೇಕೆಂದರೆ ಆ ಎರಡೇ ಜಾಗ. ಆನೆಯ ಸುದ್ದಿ ನಿಮ್ಮ ತೋಟದವರ ವಾಟ್ಸಾಪ್ ಗುಂಪಿನಲ್ಲಿ ಬರುತ್ತದಲ್ಲ, ಅದನ್ನು ಹೊರಡುವ ಮೊದಲು ಒಮ್ಮೆ, ಕೊನೆಯ ತೋಟದ ದಾರಿಗೆ ತಿರುಗುವ ಮೊದಲು ಆ ಅಂಗಡಿಯ ಮುಂದೆ ಇನ್ನೊಮ್ಮೆ ನೋಡಲಿ. ಆನೆ ಇದೆ ಎಂದರೆ ಅಲ್ಲೇ ಕೂತಿರಲಿ. ಗಾಡಿ ಓಡಿಸುತ್ತಾ 'ಆನೆ ಎಲ್ಲಿದೆ' ಎಂದು ಫೋನಿನಲ್ಲಿ ಹುಡುಕುವವನಿಗೆ ಆನೆ ರಸ್ತೆಯಲ್ಲೇ ಸಿಗುತ್ತದೆ.

ಬ್ಲೂಟೂತ್ ಹೆಲ್ಮೆಟ್ ಕೊಡಿಸಬೇಡಿ. ಕಾನೂನಿನ ಮಾತಿನಲ್ಲಿ ಕೈಯಲ್ಲಿ ಹಿಡಿದ ಫೋನಿಗೂ ಹಿಡಿಯದ ಫೋನಿಗೂ ವ್ಯತ್ಯಾಸ ಇದೆ, ಮೆದುಳಿಗೆ ಹೆಚ್ಚು ವ್ಯತ್ಯಾಸ ಇಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಇದನ್ನೇ ಪರೀಕ್ಷಿಸಿದ್ದಾರೆ. ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡುವ ಚಾಲಕನ ಕಣ್ಣು ರಸ್ತೆಯ ಮೇಲೇ ಇರುತ್ತದೆ, ಕಣ್ಣಿಗೆ ಬಿದ್ದದ್ದು ತಲೆಗೆ ಹೋಗುವುದಿಲ್ಲ. ಎದುರಿಗಿದ್ದ ಫಲಕ ಯಾವುದು ಎಂದು ಆಮೇಲೆ ಕೇಳಿದರೆ ನೆನಪಿರುವುದಿಲ್ಲ. ಅಪ್ಪನ ಹತ್ತಿರ ಮಾರ್ಕ್ಸಿನ ವಿಷಯ ಮಾತಾಡುತ್ತಿರುವ ಹುಡುಗನ ತಲೆ ಮಾರ್ಕ್ಸಿನಲ್ಲೇ ಇರುತ್ತದೆ. ಪಕ್ಕದಲ್ಲಿ ಕೂತವರಾದರೆ ತಿರುವು ಬಂದಾಗ ತಾವೇ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆ ಇರುವವರಿಗೆ ತಿರುವು ಕಾಣುವುದಿಲ್ಲ. ನಮ್ಮ ಕಡೆ ಕಿವಿಗೂ ಕೆಲಸ ಇದೆ. ತಿರುವಿನ ಆಚೆಯ ಹಾರನ್ನು, ತೋಟದೊಳಗೆ ಕೊಂಬೆ ಮುರಿಯುವ ಸದ್ದು ಕೇಳಬೇಕಾದ ಕಿವಿಗೆ ಸ್ಪೀಕರ್ ಅಂಟಿಸಿದರೆ ಹೇಗೆ?

ಹ್ಯಾಂಡಲ್ ಮೇಲೆ ಫೋನ್ ಸಿಕ್ಕಿಸುವ ಸ್ಟ್ಯಾಂಡ್ ಕೇಳಿದರೆ, ಜೀವದ ಮಾತು ಬಿಟ್ಟು ಕ್ಯಾಮೆರಾದ ಮಾತು ಹೇಳಿ. ಬೈಕಿನ ಎಂಜಿನ್ ನಡುಕಕ್ಕೆ ಫೋನಿನ ಕ್ಯಾಮೆರಾ ಹಾಳಾಗಬಹುದು ಎಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಹದಿನೆಂಟರ ಹುಡುಗರಿಗೆ ಇದು ಕೂಡಲೇ ಹತ್ತುತ್ತದೆ. ದಾರಿ ತೋರಿಸುವ ಮ್ಯಾಪಿಗೆ ಮಾತ್ರ, ಗಮನ ಕೆಡದ ಹಾಗೆ, ಫೋನ್ ಬಳಸಬಹುದು ಎಂದು 2020ರ ಅಕ್ಟೋಬರ್ 1ರಿಂದ ನಿಯಮ ಇರುವುದು ನಿಜ. ದಿನಾ ಹೋಗುವ ವಿರಾಜಪೇಟೆಗೆ ಮ್ಯಾಪು ಎಂತಕ್ಕೆ?

ಹುಡುಗ ಓಡಿಸುವುದರಲ್ಲಿ ಕುಶಲನೇ ಇರಬಹುದು. ಇಲ್ಲಿಯ ಎಷ್ಟೋ ಮಕ್ಕಳು ತೋಟದೊಳಗಿನ ಮಣ್ಣು ರಸ್ತೆಯಲ್ಲಿ ಹದಿಮೂರು ಹದಿನಾಲ್ಕಕ್ಕೇ ಜೀಪಿನ ಗೇರು ಹಾಕಲು ಕಲಿತಿರುತ್ತಾರೆ, ಟೆಸ್ಟಿಗೆ ಬರುವಾಗ ಕೆಲವರು ನನಗಿಂತ ಚೆನ್ನಾಗಿ ರಿವರ್ಸ್ ತೆಗೆಯುತ್ತಿದ್ದರು. ಅಪಾಯ ಇರುವುದೂ ಅದರಲ್ಲೇ. ಕೈ ಪಳಗಿದ್ದರಿಂದ 'ಒಂದು ಕೈಯಲ್ಲಿ ಆಗುತ್ತದೆ' ಎನ್ನಿಸುತ್ತದೆ. ದುಡುಕನ್ನು ತಡೆಯುವ ಮೆದುಳಿನ ಮುಂಭಾಗ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಗಳಾದ ಮೇಲೆ. ಗೆಳೆಯರು ಜೊತೆಗಿದ್ದರಂತೂ ಕೇಳುವುದೇ ಬೇಡ. 2005ರಲ್ಲಿ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡನರ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ ನೋಡಿದರು. ಗೆಳೆಯರು ನೋಡುತ್ತಿರುವಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಹೆಚ್ಚು ಅಪಾಯಕ್ಕೆ ಕೈ ಹಾಕಿದರು. 24 ದಾಟಿದವರಲ್ಲಿ ಆ ವ್ಯತ್ಯಾಸ ಇರಲಿಲ್ಲ. ಹಿಂದೆ ಕೂತ ಗೆಳೆಯ ಮುಖದ ಎದುರಿಗೆ ಫೋನ್ ಹಿಡಿದು ರೀಲ್ಸ್ ತೋರಿಸುವುದನ್ನು ಗೋಣಿಕೊಪ್ಪದ ಪೇಟೆಯಲ್ಲೇ ನಾನು ಕಂಡಿದ್ದೇನೆ. ಮೊದಲ ಒಂದು ವರ್ಷ ಹಿಂದೆ ಯಾರನ್ನೂ ಕೂರಿಸಬಾರದು ಎಂಬ ಷರತ್ತು ಹಾಕಿ. ನಿಮ್ಮ ಮಗ ಇದಕ್ಕೆ ಹೆಚ್ಚು ಗಲಾಟೆ ಮಾಡುತ್ತಾನೆ, ಫೋನಿಗಿಂತ.

ಷರತ್ತು ಮುರಿದರೆ? ಒಂದು ವಾರ ಕೀ ನಿಮ್ಮ ಹತ್ತಿರ, ಅವನು ಬಸ್ಸಿನಲ್ಲಿ. ಮೊದಲ ಸಲವೇ ಹಾಗೆ ಮಾಡಿ, ಮೂರನೇ ಸಲಕ್ಕೆ ಕಾಯಬೇಡಿ. ಒಂದು ರಿಯಾಯಿತಿ ಮಾತ್ರ ಇಡಿ. ತಾನಾಗಿ ಬಂದು 'ಇವತ್ತು ತೆಗೆದುಬಿಟ್ಟೆ ಅಮ್ಮ' ಎಂದರೆ ಆ ಸಲ ಕೀ ಕಸಿಯಬೇಡಿ, ಯಾಕೆ ತೆಗೆದ, ಯಾರ ಕರೆ ಎಂದಷ್ಟೇ ಕೇಳಿ. ಉತ್ತರದಲ್ಲಿ ನಿಮ್ಮ ಹೆಸರೇ ಬಂದರೆ ನೀವೂ ಏನಾದರೂ ದಂಡ ಕಟ್ಟಿ. ನಮ್ಮ ಮನೆಯಲ್ಲಿ ಅದು ಭಾನುವಾರದ ಪಂದಿ ಕರಿಯ ದೊಡ್ಡ ತುಂಡು ಬಿಟ್ಟುಕೊಡುವುದಾಗಿತ್ತು.

ಕಾನೂನು ಗೊತ್ತಿರಲಿ. ಕೈಯಲ್ಲಿ ಫೋನ್ ಹಿಡಿದು ಓಡಿಸುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನಲ್ಲಿ ಅಪಾಯಕಾರಿ ಚಾಲನೆ ಎಂದೇ ಬರುತ್ತದೆ. ಮೊದಲ ಸಲ ನ್ಯಾಯಾಲಯಕ್ಕೆ ಹೋದರೆ 1,000ದಿಂದ 5,000 ರೂಪಾಯಿ ದಂಡ, ಅಥವಾ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ ಎರಡೂ. 3 ವರ್ಷದೊಳಗೆ ಇನ್ನೊಮ್ಮೆಯಾದರೆ 10,000 ರೂಪಾಯಿ ದಂಡ, ಅಥವಾ 2 ವರ್ಷದವರೆಗೆ ಜೈಲು, ಅಥವಾ ಎರಡೂ. ಆದರೆ ದಂಡದ ಹೆದರಿಕೆಯ ಮೇಲೆ ನಂಬಿಕೆ ಇಡಬೇಡಿ. ತೋಟದ ರಸ್ತೆಯಲ್ಲಿ ಪೊಲೀಸರು ಎಲ್ಲಿರುತ್ತಾರೆ? ನಿಮ್ಮ ಪಕ್ಕದ ತೋಟದ ರೈಟರ್ ಅವರೇ ಇಲ್ಲಿ ಉಪಯೋಗಕ್ಕೆ ಬರುವವರು. ಅವರಿಗೆ ಥ್ಯಾಂಕ್ಸ್ ಹೇಳಿ, ಮತ್ತೆ ಕಂಡರೆ ಹೇಳಲು ಹೇಳಿ. ಮಗನಿಗೂ ಅದು ಗೊತ್ತಿರಲಿ, ಗೂಢಚಾರಿಕೆ ಆಗಬಾರದು.

ಯಜಮಾನರ ವಿಷಯ ಸ್ವಲ್ಪ ನಾಜೂಕು. ದೂರದಲ್ಲಿರುವವರಿಗೆ ಆ ಹತ್ತು ನಿಮಿಷ ಎಷ್ಟು ದೊಡ್ಡದು ಎಂದು ನನಗೆ ಗೊತ್ತು, ನಮ್ಮ ಮನೆಯಲ್ಲೂ ಇಬ್ಬರು ಸೇನೆಯಲ್ಲಿದ್ದವರು. ಅವರು ಐದೂವರೆಗೆ ನಿಮಗೂ ಮಗಳಿಗೂ ಮಾಡಲಿ. ಮಗನಿಗೆ ಅವನ 'ತಲುಪಿದೆ' ಬಂದ ಮೇಲೆ ಮಾಡಲಿ, ಆ ಹೊತ್ತಿಗೆ ಬಿಡುವಿಲ್ಲದ ದಿನ ಮಗನೇ ಒಂದು ವಾಯ್ಸ್ ಮೆಸೇಜ್ ಕಳುಹಿಸಲಿ. ಡ್ಯೂಟಿಯಲ್ಲಿರುವವನನ್ನು ಮಾತಾಡಿಸಬಾರದು ಎನ್ನುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಬೈಕಿನ ಮೇಲಿರುವ ಮಗನೂ ಡ್ಯೂಟಿಯಲ್ಲಿದ್ದಾನೆ ಎಂದು ಹೇಳಿದರೆ ಸಾಕು. ರಜೆಯಲ್ಲಿ ಬಂದಾಗ ಅವರು ಜೀಪು ಓಡಿಸುತ್ತಾ ಫೋನ್ ಕಿವಿಗಿಟ್ಟುಕೊಳ್ಳುತ್ತಾರೆಯೇ ಎಂಬುದನ್ನು ನೀವು ಬರೆದಿಲ್ಲ. ಬರೆಯದಿರುವುದರಿಂದಲೇ ನನಗೆ ಅನುಮಾನ. ಇಟ್ಟುಕೊಳ್ಳುವುದಾದರೆ ಈ ಪತ್ರದ ಬಾಕಿ ಎಲ್ಲ ಮಾತು ವ್ಯರ್ಥ. ಹಿಂದಿನ ಸೀಟಿನಲ್ಲಿ ಕೂತ ಮಗ ಎಲ್ಲ ನೋಡಿಕೊಂಡೇ ಬೆಳೆದಿರುತ್ತಾನೆ.

ಮಗಳ ಸ್ಕೂಟರ್ ಬಗ್ಗೆ ನನ್ನ ಉತ್ತರ ಚಿಕ್ಕದು. 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ. ಅವಳು ಕೇಳುತ್ತಿರುವುದು ಖಂಡಿತ ಅದಲ್ಲ, ಅಂಗಡಿಯಲ್ಲಿರುವ 110, 125 ಸಿಸಿ ಸ್ಕೂಟರಿಗೆ 18 ತುಂಬಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರ ಮೇಲೇ ಕೇಸು: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಅವಳಿಗೆ 25 ತುಂಬುವವರೆಗೆ ಲೈಸೆನ್ಸೇ ಇಲ್ಲ. ಯಾರಿಗಾದರೂ ಪೆಟ್ಟಾದರೆ ವಿಮೆ ಕಂಪನಿ ಕೊಟ್ಟ ಪರಿಹಾರವನ್ನು ನಿಮ್ಮಿಂದಲೇ ವಸೂಲಿ ಮಾಡಬಹುದು. 'ಅಣ್ಣನ ಗಾಡಿ ಗೇಟಿನವರೆಗೆ ಮಾತ್ರ' ಎಂದು ಶುರುವಾಗುತ್ತದೆ, ಆ ಗೇಟು ದಾಟಲು ಬಿಡಬೇಡಿ. 18 ತುಂಬುವವರೆಗೆ ಅವಳು ಬಸ್ಸಿನಲ್ಲಿ ಹೋಗಲಿ. ಬಸ್ಸಿನಲ್ಲಿ ಎಷ್ಟು ಬೇಕಾದರೂ ಫೋನ್ ನೋಡಬಹುದು ಎಂದು ಹೇಳಿ, ಅವಳಿಗೆ ಅದೊಂದಾದರೂ ಸಮಾಧಾನ.